ಕೊನೆ ಹೊಲದ ನೀರಿನ ಪಾಳಿ

ಶಹಾಪುರ ಕಡೆಯ ಒಂದು ಕಾಲುವೆ ಸಂಘದವರು ನೀರಿನ ಪಾಳಿ ಹಾಕಲು ನನ್ನಿಂದ ಸಾಫ್ಟ್‌ವೇರ್ ಬರೆಸಿದಾಗ, ಕೆಲಸ ಸುಲಭವೆಂದೇ ನಂಬಿದ್ದೆ. ಯಾವ ಹೊಲಕ್ಕೆ ಯಾವ ದಿನ ನೀರು, ಅಷ್ಟೇ ತಾನೆ? ಸುರಪುರದ ದಿಕ್ಕಿಗೆ, ಕಾಲುವೆಯ ತುದಿಯಲ್ಲಿ ನನ್ನ ಚಿಗವ್ವನ ಮೆಣಸಿನಗಿಡದ ಹೊಲವಿದೆ. ಹಳೆಯ ಪಾಳಿಯಲ್ಲಿ ಮೇಲಿನವರೆಲ್ಲ ನೀರು ಹಾಯಿಸಿ ಮುಗಿಸುವಷ್ಟರಲ್ಲಿ ಅವಳ ಗಿಡ ಬಾಡುತ್ತಿತ್ತು. ಈ ಸಲವಾದರೂ ಅವಳಿಗೆ ನೀರು ಮುಟ್ಟಲಿ ಎಂಬುದು ನನ್ನ ಆಸೆ.

ಆದರೆ ಸಂಘದ ಅಧ್ಯಕ್ಷರು ಆಗಾಗ ಒಂದೊಂದು ಷರತ್ತು ಹೊತ್ತು ಯಾದಗಿರಿಯ ನನ್ನ ಖೋಲಿಗೆ ಬರತೊಡಗಿದರು.

"ಇದೊಂದು ಸೇರಿಸಿಬಿಡ್ರಿ. ಭತ್ತದವರಿಗೆ ಒಂದರ ಬೆನ್ನಿಗೆ ಒಂದು ಎರಡು ದಿನ ಬೇಕಂತ. ಸಣ್ಣ ಮಾತೈತಿ."

ಸಣ್ಣ ಮಾತಂತೆ! ಪಂಕ್ತಿಯಲ್ಲಿ ಎಲ್ಲರನ್ನೂ ಊಟಕ್ಕೆ ಕೂರಿಸಿದ ಮೇಲೆ, ಇವರ ಪಕ್ಕ ನಾನು ಕೂರುವುದಿಲ್ಲ ಎಂದು ಒಬ್ಬರು ತಕರಾರು ತೆಗೆದರೆ ಇಡೀ ಪಂಕ್ತಿ ಏಳಬೇಕಾಗುತ್ತದೆ. ಇದೂ ಹಾಗೆಯೇ. ಹೊಸ ಷರತ್ತು ಬಂದರೆ ಹಿಂದಿನ ಪಾಳಿ ಕೆಟ್ಟಿತು, ಮತ್ತೆ ಮೊದಲಿನಿಂದ ಹುಡುಕಬೇಕು. ಷರತ್ತುಗಳು ಒಂದಕ್ಕೊಂದು ಸಿಕ್ಕಿಕೊಂಡಷ್ಟೂ ಹುಡುಕಾಟ ಲೆಕ್ಕ ಮೀರಿ ಬೆಳೆಯಿತು. ಕ್ಷಣದಲ್ಲಿ ಉತ್ತರ ಕೊಡುತ್ತಿದ್ದ ಕಂಪ್ಯೂಟರ್, ಬೆಳಗ್ಗೆ ಹಚ್ಚಿದರೆ ಸಂಜೆಗೂ ಬಾಯಿ ಬಿಡದಂತಾಯಿತು. ಕೊನೆಗೊಮ್ಮೆ ಬಾಯಿ ಬಿಟ್ಟು, ಇಷ್ಟೂ ಷರತ್ತುಗಳಿಗೆ ಹೊಂದುವ ಪಾಳಿಯೇ ಇಲ್ಲ ಎಂದಿತು.

"ಆಗಂಗಿಲ್ಲಂದ್ರ ಬಿಡ್ರಿ, ಹಳೀ ಪಾಳಿನೇ ನಡೀಲಿ," ಎಂದ ಅಧ್ಯಕ್ಷರ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. ನನಗೆ ಮೈ ಉರಿಯಿತು. ಅವರ ಹೊಲ ಕಾಲುವೆಯ ಬಾಯಲ್ಲೇ ಇದೆ, ನೀರು ಮೊದಲು ಸಿಗುವುದು ಅವರಿಗೇ. ಈ ಮನುಷ್ಯ ಬೇಕೆಂದೇ ಕಗ್ಗಂಟು ಮಾಡಿದ್ದಾನೆ ಎಂದುಕೊಂಡು, ಷರತ್ತುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಭತ್ತದವರದು ತೆಗೆದೆ, ಪಾಳಿ ಕೂಡಲಿಲ್ಲ. ಅಧ್ಯಕ್ಷರು ತಮ್ಮ ಹೊಲಕ್ಕೆಂದು ಹಾಕಿಸಿದ್ದನ್ನೇ ತೆಗೆದೆ, ಆಗಲೂ ಇಲ್ಲ. ಸೋಮವಾರ ತುದಿಯ ಹೊಲಗಳಿಗೆ ನೀರು ಬೇಡ ಎಂಬುದನ್ನು ತೆಗೆದಾಗ ಮಾತ್ರ ಥಟ್ಟನೆ ಕೂಡಿತು.

ಸಿಕ್ಕಿಬಿದ್ದರು ಎಂದುಕೊಂಡು ಕೂಡಲೇ ಅಧ್ಯಕ್ಷರಿಗೆ ಫೋನ್ ಮಾಡಿ, ಇದು ಯಾರ ಷರತ್ತು ಎಂದು ಕೇಳಿದೆ.

"ನಿಮ್ಮ ಚಿಗವ್ವಂದೇ ರೀ," ಎಂದರು.

ನಂಬಿಕೆ ಬರದೆ ಸೀದಾ ಅವಳ ಹೊಲಕ್ಕೆ ಹೋದೆ. ಕಳೆ ಕೀಳುತ್ತಿದ್ದವಳು ತಲೆ ಎತ್ತದೆಯೇ ಒಪ್ಪಿಕೊಂಡಳು. "ಹೌದು, ನಾನೇ ಹೇಳೀನಿ. ಸೋಮವಾರ ಬಸವಣ್ಣನ ವಾರ. ಎತ್ತು ಹೂಡಂಗಿಲ್ಲ, ಹೊಲಕ್ಕ ಕಾಲಿಡಂಗಿಲ್ಲ."

"ಅದೊಂದು ಬಿಟ್ಟುಕೊಡು ಚಿಗವ್ವ, ನಿನಗ ನೀರು ಬರ್ತೈತಿ."

ಈಗ ಅವಳು ಕೈ ನಿಲ್ಲಿಸಿ ನನ್ನನ್ನೇ ದಿಟ್ಟಿಸಿದಳು. "ಅಧ್ಯಕ್ಷ ಹೇಳಿ ಕಳಿಸ್ಯಾನೇನು ನಿನ್ನ?"

ಇಲ್ಲವೆಂದು ಆಣೆ ಮಾಡಿದೆ. ಅವಳು ನಂಬಲಿಲ್ಲ. ಆ ವರ್ಷವೂ ಹಳೆಯ ಪಾಳಿಯೇ ನಡೆಯಿತು.