ಬಹುಮಾನವಿಲ್ಲದ ರಂಗೋಲಿ

ನನ್ನನ್ನು ಕೆಲಸದಿಂದ ತೆಗೆದರೋ, ಬಡ್ತಿ ಕೊಟ್ಟರೋ ಎಂಬುದು ಈ ಹೊತ್ತಿಗೂ ನನಗೆ ತಿಳಿದಿಲ್ಲ. ತಿಳಿಯದೆಯೇ ಖುಷಿಯಾಗಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದು ಹೊಸದೇನಲ್ಲ. ಆದರೆ ಈ ಸಲದ ಖುಷಿ ಎದೆಯಲ್ಲಿ ಹಿಡಿಸುತ್ತಿಲ್ಲ, ಯಾರ ಹತ್ತಿರವಾದರೂ ಹೇಳಲೇಬೇಕು.

ಮರಳವಾಡಿಗೆ ಹತ್ತಿರದ ನಮ್ಮೂರಿನಲ್ಲಿ ಒಂದು ಯುವಕ ಸಂಘವಿದೆ. ಅದರ ಅಧ್ಯಕ್ಷನಿಗೆ ಮೊನ್ನೆ ಮೊಮ್ಮಗ ಹುಟ್ಟಿದ. ಪ್ರತಿ ಬೇಸಿಗೆಯಲ್ಲೂ ಸಂಘ ಯುವಜನರಿಗಾಗಿ ಒಂದು ದಿನದ ಕಾರ್ಯಕ್ರಮ ಮಾಡುತ್ತದೆ. ಏನೇನು ನಡೆಯಬೇಕೆಂದು ಗೊತ್ತುಮಾಡುವವರು ನಾವು, ಐವತ್ತು ದಾಟಿದವರು. ಹಾಗೆಂದು ಯುವಜನರನ್ನು ಕೈಬಿಟ್ಟವರಲ್ಲ. ಕುರ್ಚಿ ಹಾಕುವವರು ಅವರೇ, ಶಾಮಿಯಾನ ಕಟ್ಟುವವರು ಅವರೇ, ಭಾಷಣ ಮುಗಿಯುವ ತನಕ ಎದ್ದುಹೋಗದಂತೆ ನಾವು ಕಾಯುವುದೂ ಅವರನ್ನೇ. ಇದಕ್ಕಿಂತ ಹೆಚ್ಚು ಸೇರಿಸಿಕೊಳ್ಳುವುದು ಹೇಗೆ?

ಅದರಲ್ಲಿ ನನ್ನದೂ ಒಂದು ಹುದ್ದೆ. ಹನ್ನೊಂದು ವರ್ಷದಿಂದ ರಂಗೋಲಿ ಸ್ಪರ್ಧೆಗೆ ನಾನೇ ತೀರ್ಪುಗಾರಳು. ಕೈ ಹಿಂದೆ ಕಟ್ಟಿಕೊಂಡು ಒಂದೊಂದು ರಂಗೋಲಿಯ ಮುಂದೂ ನಿಲ್ಲುತ್ತೇನೆ. ತಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಚೆನ್ನಾಗಿ ನೋಡಿದ ಮೇಲೆ, ಆ ವರ್ಷ ಯಾವ ಬೀದಿಯ ಸರದಿಯೋ ಆ ಬೀದಿಯ ಹುಡುಗಿಗೆ ಮೊದಲ ಬಹುಮಾನ ಕೊಡುತ್ತೇನೆ. ನಮ್ಮೂರಿಗೆ ಮೂರು ಬೀದಿ. ಮೊದಲ ವರ್ಷ ನ್ಯಾಯವಾಗಿ ಕೊಟ್ಟು ನೋಡಿದ್ದೆ. ಮಿಕ್ಕ ಎರಡು ಬೀದಿಯವರು ದೀಪಾವಳಿ ತನಕ ನನ್ನ ಜೊತೆ ಮಾತು ಬಿಟ್ಟರು. ಅಂದಿನಿಂದ ಸರದಿ. ಈ ಗುಟ್ಟು ನನಗೊಬ್ಬಳಿಗೇ ಗೊತ್ತೆಂದುಕೊಂಡಿದ್ದೆ.

ಈ ವರ್ಷ ಮೇಲಿನಿಂದ ಕಾಗದ ಬಂತು. ಯುವಜನರ ಕಾರ್ಯಕ್ರಮವನ್ನು ಯುವಜನರೇ ಸೇರಿ ಯೋಜಿಸಬೇಕಂತೆ. ಹಾಗೆ ಕಮಿಟಿಗೆ ಆಯ್ಕೆಯಾದವಳು ನನ್ನ ಮೊಮ್ಮಗಳು ಕಾವ್ಯ, ಎರಡನೇ ಪಿಯುಸಿ. ಕನಕಪುರದ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹೇಳಿದೆ. ಕಂಡಕ್ಟರ್ ಟಿಕೆಟ್ ಕೇಳಿದರೆ ಅವನಿಗೂ ಮೊದಲು ಇದನ್ನೇ ಹೇಳಿದೆ.

ಅವಳು ಮಾತ್ರ ಯೋಜನೆ ಬರೆಯುವುದು ಬಿಟ್ಟು, ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋಗಿ ‘ನಿಮಗೆ ಏನು ಬೇಕು’ ಎಂದು ಹುಡುಗ ಹುಡುಗಿಯರನ್ನು ಕೇಳತೊಡಗಿದಳು. ನನಗೆ ಗೊಂದಲ. ನಾವು ರೇಷ್ಮೆ ಹುಳು ಸಾಕುವವರು. ಹುಳುವನ್ನು ಸೊಪ್ಪು ಬೇಕೇ ಎಂದು ಯಾರಾದರೂ ಕೇಳುತ್ತಾರೆಯೇ? ಹಾಗೆಂದುಕೊಂಡ ಮೇಲೆ ಹೊಳೆಯಿತು, ಕೇಳದೆ ಇನ್ನೇನು ಮಾಡುತ್ತೇವೆ? ಪೊರೆ ಬಿಡುವ ಮುಂಚೆ ಹುಳು ತಲೆಯೆತ್ತಿ ಸುಮ್ಮನೆ ಕೂತುಬಿಡುತ್ತದೆ. ಅದಕ್ಕೆ ಜ್ವರ ಎನ್ನುತ್ತೇವೆ, ಆಗ ಒಂದೆಲೆಯನ್ನೂ ಹಾಕುವುದಿಲ್ಲ. ಅಂದರೆ ಹುಳುವಿನ ಮಾತನ್ನಾದರೂ ಕೇಳುತ್ತೇವೆ. ಇರಲಿ, ಮೊಮ್ಮಗಳನ್ನು ಹುಳುವಿಗೆ ಹೋಲಿಸಿದ್ದು ಗೊತ್ತಾದರೆ ಬೈಯುತ್ತಾಳೆ.

ಸಭೆಯ ದಿನ ಕಾವ್ಯ ಮೂರೇ ಮಾತು ಓದಿದಳು. ಕಾರ್ಯಕ್ರಮ ಬೆಳಗ್ಗೆ ಹತ್ತಕ್ಕೆ ಬೇಡ, ಸಂಜೆ ಆರೂವರೆಗೆ ಇರಲಿ; ಹಾರೋಹಳ್ಳಿ ಫ್ಯಾಕ್ಟರಿಗೆ ಹೋಗುವ ಹುಡುಗಿಯರು ವ್ಯಾನ್ ಇಳಿಯುವುದೇ ಆರಕ್ಕೆ, ಅವರು ಇದುವರೆಗೆ ಒಂದು ಸಲವೂ ಬಂದಿಲ್ಲ. ಭಾಷಣ ಬೇಡ. ರಂಗೋಲಿಗಾಗಲಿ ಆಟಕ್ಕಾಗಲಿ ಬಹುಮಾನ ಬೇಡ, ಬಂದವರೆಲ್ಲ ಸೇರಿ ಮಾಡೋಣ. ಹೀಗೆಯೇ ನಡೆಯುತ್ತದೆಂದು ಆ ಹುಡುಗಿಯರಿಗೆ ಅವಳು ಆಗಲೇ ಮಾತು ಕೊಟ್ಟು ಬಂದಿದ್ದಳು.

ಮೊದಲ ಎರಡಕ್ಕೆ ತಲೆ ಕೆರೆದುಕೊಂಡ ಅಧ್ಯಕ್ಷ ಮೂರನೆಯದಕ್ಕೆ ನನ್ನ ಕಡೆ ತಿರುಗಿದ.

“ರಂಗೋಲಿ ಬಹುಮಾನ ದೊಡ್ಡವ್ವನ ಕೈಲಿ ನಡ್ಕಂಡು ಬಂದೈತೆ. ದೊಡ್ಡವ್ವ ಒಪ್ಪುದ್ರೆ ನಿಮ್ ಲಿಸ್ಟು, ಇಲ್ದಿದ್ರೆ ಹಳೇ ಲಿಸ್ಟು. ಯಾಕವ್ವಾ ಕಾವ್ಯ, ಬಹುಮಾನ ಯಾಕೆ ಬ್ಯಾಡ?”

ಅಲ್ಲಿಯವರೆಗೆ ಎಲ್ಲದಕ್ಕೂ ಉತ್ತರ ಕೊಟ್ಟವಳು ನನ್ನ ಮುಖ ನೋಡಿದಳು. ನೋಟ್‌ಬುಕ್ ಮುಚ್ಚಿದಳು. ಆಗ ನನಗೆ ತಿಳಿಯಿತು: ಇವಳಿಗೆ ಸರದಿಯ ಗುಟ್ಟು ಗೊತ್ತಿದೆ. ಅಜ್ಜಿಯ ಮಾನ ಉಳಿಸಲು ತನ್ನ ಲಿಸ್ಟನ್ನೇ ಮುಳುಗಿಸಲು ಹೊರಟಿದ್ದಾಳೆ.

ಎದ್ದು ನಿಂತೆ.

“ನಾನ್ ಹೇಳ್ತೀನಿ ಕಣಪ್ಪಾ. ಇಷ್ಟ್ ವರ್ಸ ಬೀದಿ ಸರದಿ ನೋಡ್ಕಂಡು ಕೊಡ್ತಿದ್ದೆ. ರಂಗೋಲಿ ನೋಡ್ಕಂಡಲ್ಲ.”

ಹಿಂದಿನ ಸಾಲಿನಿಂದ ಕೆಳಗಿನ ಬೀದಿಯ ಹೆಂಗಸೊಬ್ಬಳು ಕೂತಲ್ಲಿಂದಲೇ ಅಂದಳು: “ಗೊತ್ತು ಬುಡಜ್ಜಿ. ಅದ್ಕೇ ನಮ್ ಸರದಿ ಇಲ್ದಿರೋ ವರ್ಸ ನಮ್ ಹುಡ್ಗೀರು ಒಂದು ಚುಕ್ಕೀನೂ ಇಡಾಕಿಲ್ಲ.”

ಎಲ್ಲರೂ ನಕ್ಕರು. ಅಧ್ಯಕ್ಷ ಕಣ್ಣೀರು ಬರುವಷ್ಟು ನಕ್ಕ. ಆ ನಗುವಿನಲ್ಲೇ ಕಾವ್ಯಳ ಲಿಸ್ಟು ಪಾಸಾಯಿತು. ನಾಚಿಕೆಪಡಬೇಕೋ, ಬೀಗಬೇಕೋ ತಿಳಿಯದೆ ನಾನೂ ಅವರ ಜೊತೆ ನಕ್ಕೆ.

ಮನೆಗೆ ಬಂದ ಮೇಲೆ, ಆ ದಿನ ನನಗೇನು ಕೆಲಸ ಎಂದು ಕೇಳಿದೆ.

“ನೀನೂ ರಂಗೋಲಿ ಹಾಕಜ್ಜಿ,” ಅಂದಳು. “ನೀನು ಹಾಕೋದ್ನ ನೋಡಿದ್ ನೆಪ್ಪೇ ಇಲ್ಲ ನಂಗೆ.”

ನಿಜವೇ. ತೀರ್ಪುಗಾರಳಾದ ಮೇಲೆ ಬಾಗಿಲ ರಂಗೋಲಿಯನ್ನು ಸೊಸೆಗೆ ಬಿಟ್ಟಿದ್ದೆ. ಈಗ ದಿನಾ ಬೆಳಗ್ಗೆ ಅಂಗಳದಲ್ಲಿ ಅಭ್ಯಾಸ. ಊರಿನವರ ಗೆರೆಗಳ ತಪ್ಪನ್ನೆಲ್ಲ ಕಂಡುಹಿಡಿದ ಈ ಕೈಗೆ ತನ್ನದೊಂದು ಗೆರೆ ನೆಟ್ಟಗೆ ಎಳೆಯಲು ಬರುತ್ತಿಲ್ಲ. ಕೂರುವುದು ಹೇಗೋ ಕೂತುಬಿಡುತ್ತೇನೆ, ಏಳುವುದೇ ಕಷ್ಟ. ಅದಕ್ಕೇ ಕಾವ್ಯಳಿಗೊಂದು ಸಲಹೆ ಕೊಟ್ಟೆ: ಆ ಸಂಜೆ ನನ್ನಂಥವರನ್ನು ಕೈಹಿಡಿದು ಎಬ್ಬಿಸಲು ಇಬ್ಬರನ್ನು ನೇಮಿಸಬೇಕು.

ಅವಳು ನೋಟ್‌ಬುಕ್ ತೆಗೆದು ನಿಧಾನವಾಗಿ ಬರೆದುಕೊಂಡಳು. ಆಮೇಲೆ, ಇಷ್ಟು ವರ್ಷ ನಾವು ಹುಡುಗರಿಗೆ ಹೇಳುತ್ತಿದ್ದ ಅದೇ ಗಂಭೀರ ದನಿಯಲ್ಲಿ ಹೇಳಿದಳು: “ಆಗ್ಲಿ ಅಜ್ಜಿ. ಕಮಿಟೀಲಿ ಇಟ್ಟು ನೋಡ್ತೀವಿ.”