ಹೇಸ್‌ನಲ್ಲಿ ಒಂದು ಅಮೆರಿಕನ್ ಸೋಲು

ಇಂಗ್ಲೆಂಡಿನ ಹೇಸ್‌ನ ಗೋದಾಮಿನಲ್ಲಿ ನಮ್ಮ ಸೂಪರ್‌ವೈಸರ್ ಅಪ್ಪಟ ಇಂಗ್ಲಿಷ್ ಮನುಷ್ಯ. ಕ್ರಿಕೆಟ್‌ನಲ್ಲಿ ಭಾರತ ಗೆದ್ದಾಗ ನಾನು ಖುಷಿಪಟ್ಟರೆ, "ಇರೋದು ಇಲ್ಲಿ, ಮನಸ್ಸು ಮಾತ್ರ ಅಲ್ಲಿ" ಎಂದು ಹಂಗಿಸುತ್ತಿದ್ದ.

ಸೆಪ್ಟೆಂಬರಿನ ಒಂದು ಸೋಮವಾರ ಅವನು ಯಾವುದೋ ಅಮೆರಿಕನ್ ಫುಟ್‌ಬಾಲ್ ತಂಡದ ಜೆರ್ಸಿ ತೊಟ್ಟು, ಸೂತಕದ ಮುಖ ಹೊತ್ತು ಬಂದ.

"ಮೊದಲನೇ ಮ್ಯಾಚೇ ಸೋತೆವು. ಈ ಸೀಸನ್ ಮುಗಿದ ಹಾಗೇ" ಎಂದ. ಇನ್ನೂ ನಾಲ್ಕು ತಿಂಗಳ ಆಟ ಬಾಕಿ ಇತ್ತು.

"ಆ ತಂಡದ ಊರು ನೋಡಿದ್ದೀರಾ?" ಎಂದು ಕೇಳಿದೆ. ಇಲ್ಲವಂತೆ. ಅವನು ಸ್ಪೇನ್ ದಾಟಿ ಹೋದವನೇ ಅಲ್ಲ.

"ಭಾರತದಲ್ಲಿ ನನಗೆ ಅಕ್ಕ ಇದ್ದಾಳೆ. ನಿಮಗೆ ಅಲ್ಲಿ ಯಾರಿದ್ದಾರೆ?"

ಅವನು ನಿಜವಾಗಿಯೂ ಯೋಚಿಸಿದ.

"ನಮ್ಮ ತಂಡದ ಮುಖ್ಯ ಆಟಗಾರ, ಕ್ವಾರ್ಟರ್‌ಬ್ಯಾಕ್ ಇದ್ದಾನೆ. ಆದರೆ ನಿನ್ನೆಯಿಂದ ಅವನ ಜೊತೆ ಮಾತು ಬಿಟ್ಟಿದ್ದೇನೆ."