ಎಡಗೈಯ ನಡುಕ

ಅಪ್ಪನ ಕೈಗಳು ನಡುಗಲು ಶುರುವಾದ ಮೇಲೆ ಧನಗೆರೆಯ ನಮ್ಮ ಮನೆಗೆ ಬಂದವರೆಲ್ಲ ಒಂದೊಂದು ಕಷಾಯ ಹೇಳಿ ಹೋದರು. ಕುಡಿದು ಕುಡಿದು ಅವನ ನಾಲಿಗೆ ಕೆಟ್ಟಿತೇ ಹೊರತು ನಡುಕ ನಿಲ್ಲಲಿಲ್ಲ. ತುತ್ತು ಬಾಯಿ ಸೇರುವ ಮೊದಲೇ ಎದೆಯ ಮೇಲೆ ಬೀಳುತ್ತಿತ್ತು, ನಾನು ಒರೆಸುತ್ತಿದ್ದೆ. ಅದನ್ನೆಲ್ಲ ಹೇಗೋ ಸಹಿಸಿಕೊಂಡ. ಪೂಜೆಯ ಹೊತ್ತು ಮಾತ್ರ ಸಹಿಸಲಾಗುತ್ತಿರಲಿಲ್ಲ. ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅಪ್ಪ ಎಂದೂ ಉಂಡವನಲ್ಲ. ಈಗ ಆ ಅಂಗೈಯೇ ಅದುರುತ್ತಿತ್ತು. ಲಿಂಗ ನೆಲಕ್ಕೆ ಬಿದ್ದರೆ ಏನು ಗತಿ ಎಂದು ಮೈಯೆಲ್ಲ ಬೆವರುತ್ತಿದ್ದ.

ನಮ್ಮ ಕೊಳ್ಳೇಗಾಲ ಮದರಾಸು ಸೀಮೆಯಿಂದ ಮೈಸೂರಿಗೆ ಸೇರಿ ಆಗಿನ್ನೂ ಕೆಲವೇ ವರ್ಷವಾಗಿತ್ತು. ಮದರಾಸಿನಲ್ಲಿ ತಲೆಗೆ ಆಪರೇಷನ್ ಮಾಡಿ ನಡುಕ ನಿಲ್ಲಿಸುತ್ತಾರಂತೆ ಎಂದು ತಮಿಳು ಬಲ್ಲ ಚಿಕ್ಕಪ್ಪ ಅಪ್ಪನನ್ನೂ ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಮೊದಲು ಕೈಗಳನ್ನು ಅಳೆದರು. ಅಳೆಯುವುದೆಂದರೆ ಗೇಣು ಹಾಕುವುದಲ್ಲ. ಗಡಿಯಾರ ನೋಡುತ್ತ ಹೆಬ್ಬೆರಳಿಗೆ ತೋರುಬೆರಳು ತಟ್ಟಿಸಿದರು, ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಬಗ್ಗಿಸಲು ಹೇಳಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ಅಪ್ಪನ ಸುರುಳಿ ಕೋಳಿ ಕೆರೆದ ಹಾಗಿತ್ತು.

ಯಾವ ಕೈ ಮುಖ್ಯ ಎಂದು ಡಾಕ್ಟರು ಕೇಳಿದರು. ಉಣ್ಣುವ ಕೈ, ದುಡಿಯುವ ಕೈ, ಬಲಗೈ ಎಂದು ಚಿಕ್ಕಪ್ಪ ಥಟ್ಟನೆ ಹೇಳಿಬಿಟ್ಟ. ಯಾರೇ ಆಗಿದ್ದರೂ ಅದನ್ನೇ ಹೇಳುತ್ತಿದ್ದರು. ತಮಿಳು ಬಾರದ ಅಪ್ಪ ಸುಮ್ಮನೆ ತಲೆಯಾಡಿಸಿದ.

ಆಪರೇಷನ್ ಆಗಿ ಚೇತರಿಸಿಕೊಂಡ ಮೇಲೆ ಮತ್ತೆ ಅಳೆದರು. ಅಬ್ಬಾ, ಬಲಗೈ ಒಂದು ಹನಿ ಚೆಲ್ಲದೆ ನೀರು ಬಗ್ಗಿಸಿತು! ಡಾಕ್ಟರು ಹಿಗ್ಗಿದರು, ನಾನು ಅಳುತ್ತಲೇ ನಕ್ಕೆ. ಅಪ್ಪ ಮಾತ್ರ ತನ್ನ ಎಡಗೈಯನ್ನೇ ನೋಡುತ್ತಿದ್ದ. ಅದು ಮೊದಲಿನಂತೆಯೇ ಅದುರುತ್ತಿತ್ತು.

"ಇದು ಯಾವಾಗ ನಿಂತದು ಸಾ?" ಎಂದು ಕೇಳಿದ.

ತಲೆಯ ಒಂದು ಕಡೆಗೆ ಮಾತ್ರ ಆಪರೇಷನ್ ಆಗಿದೆ, ಅದರಿಂದ ಬಲಗೈ ಅಷ್ಟೇ ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಚಿಕ್ಕಪ್ಪ ಮೆಲ್ಲಗೆ ಕನ್ನಡದಲ್ಲಿ ಹೇಳಿದ.

"ತಲ ಒಂದೇ ಅಲ್ವಾ. ಎಲ್ಡು ಕೈಯೂ ನಿಂತವ ಅಂದ್ಕಂಡಿದ್ದಿ," ಎಂದ ಅಪ್ಪ. "ಆ ಕಡೆನೂ ಮಾಡಿ ಸಾ," ಎಂದು ಕೈಮುಗಿದ. ಎರಡೂ ಕಡೆ ಮಾಡಿದರೆ ಮಾತು ಹೋಗಬಹುದಂತೆ.

"ಮಾತು ಓದ್ರ ಓಗ್ಲಿ."

ಡಾಕ್ಟರು ಒಪ್ಪಲಿಲ್ಲ. ನನಗೆ ಎಂಥ ಸಿಟ್ಟು ಬಂತೆಂದರೆ, ದಾರಿಯುದ್ದಕ್ಕೂ ಚಿಕ್ಕಪ್ಪನ ಮುಖ ನೋಡಲಿಲ್ಲ. ಪಾಪ, ಅವನೂ ಕಣ್ಣೊರೆಸಿಕೊಳ್ಳುತ್ತಲೇ ಬಂದ.

ಊರಿಗೆ ಬಂದ ಮೇಲೆ ಪೂಜೆಯ ಹೊತ್ತಿಗೆ ಅಪ್ಪನ ಎಡಗೈಯನ್ನು ಕೆಳಗಿನಿಂದ ನಾನು ಒತ್ತಿ ಹಿಡಿದೆ. ಅವನ ನಡುಕ ನನ್ನ ಮೊಣಕೈವರೆಗೂ ಬಂತು.

"ಬುಡವ್ವ. ಇಂಗಾದ್ರ ಇದು ನನ್ನ ಪೂಜನೂ ಅಲ್ಲ, ನಿನ್ನ ಪೂಜನೂ ಅಲ್ಲ," ಎಂದು ಲಿಂಗವನ್ನು ಕೊರಳಿಗೆ ಕಟ್ಟಿಕೊಂಡ.

ಪೂಜೆಯಿಲ್ಲದೆ ಅನ್ನ ಇಳಿಯಲಿಲ್ಲ. ತಟ್ಟೆ ಮುಂದಿಟ್ಟು, "ಉಣ್ಣಪ್ಪ, ಆ ಕೈಗೆ ತಾನೆ ತಲ ಕೊಯ್ಸ್ಕಂಡು ಬಂದದ್ದು!" ಎಂದು ರೇಗಿದೆ. ಅಪ್ಪ ಬಲಗೈಯಿಂದ ಒಂದಗುಳೂ ಚೆಲ್ಲದೆ ಉಂಡ, ಉಣ್ಣುವಾಗ ಕಣ್ಣೀರು ಸುರಿಯುತ್ತಿತ್ತು. ಬರಬರುತ್ತ ತಟ್ಟೆಯನ್ನೇ ಸರಿಸತೊಡಗಿದ. ಮರುವರ್ಷದ ಬೇಸಿಗೆ ಕಾಣಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಗುಣಿಗಿಳಿದ ಅಯ್ಯನೋರು ಲಿಂಗವನ್ನು ಬಿಚ್ಚಿ ಅಪ್ಪನ ಎಡ ಅಂಗೈಯಲ್ಲಿಟ್ಟರು. ಹೆಂಗಸರು ಹಿಂದೆ ನಿಲ್ಲಿ ಎಂದವರನ್ನು ತಳ್ಳಿಕೊಂಡು ಅಂಚಿಗೆ ಹೋಗಿ ಬಗ್ಗಿ ನೋಡಿದೆ. ಲಿಂಗ ಅಲ್ಲಾಡದೆ ಕೂತಿತ್ತು. "ಅಪ್ಪ, ನೋಡಪ್ಪ, ನಿಂತದ," ಎಂದು ಕೂಗಿದೆ. ಮಣ್ಣು ಹಾಕಲು ಶುರುಮಾಡಿದರು.